ತಾಡಪತ್ರಿ ಕಾಕಾನ ಸಮುದ್ರ

ನಾಯಿ ಸಾಕಿದವರ ಮನೆಗೆ ನಾನು ಚಹಾಕ್ಕೂ ಹೋಗುವವಳಲ್ಲ. ಅವು ಬಂದು ಸೀರೆಗೆ ಮೂಗು ತಿಕ್ಕುವುದು, ಕಾಲು ನೆಕ್ಕುವುದು, ನಾವು ಹೆದರಿ ಕಾಲು ಮೇಲೆತ್ತಿಕೊಂಡರೆ ಮನೆಯವರು "ಏನೂ ಮಾಡಂಗಿಲ್ಲ ಬರ್ರೀ" ಎಂದು ಹಲ್ಲು ಕಿರಿಯುವುದು, ಇದೆಲ್ಲ ನನಗೆ ಆಗಿಬರುವುದಿಲ್ಲ. ಅಂಥ ನಾನು ಐದು ವರ್ಷ, ಪ್ರತಿ ದೀಪಾವಳಿ ಮುಗಿದ ಮೇಲೆ, ಮೂರು ನಾಯಿಗಳ ಜೊತೆ ಒಂದೇ ವ್ಯಾನಿನಲ್ಲಿ ಕೂತು ಅಂಕೋಲೆಯ ಕಡೆಯ ಒಂದು ಕಡಲದಂಡೆಗೆ ಹೋಗಿ ಡೇರೆಯಲ್ಲಿ ಇದ್ದು ಬಂದಿದ್ದೇನೆ ಎಂದರೆ ನಮ್ಮ ಶಾಲೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಹಾಗೆ ಎಳೆದುಕೊಂಡು ಹೋದವರು ರಾಯಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ. ಅವರು ತೀರಿಕೊಂಡು ಈಗ ಮೂರು ತಿಂಗಳಾಯಿತು. ಅವರ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಕಾಕಾ ಹುಬ್ಬಳ್ಳಿಯಲ್ಲಿ ಲಾರಿಗಳು ನಿಲ್ಲುವ ಬಯಲಿನ ಎದುರು ತಾಡಪತ್ರಿ ಹೊಲಿಯುವ ಅಂಗಡಿ ಇಟ್ಟಿದ್ದರು. ಹತ್ತಿ, ಗೋವಿನಜೋಳ, ಕಡಲೆ ಹೇರಿದ ಲಾರಿಗಳ ಮೇಲೆ ಹೊದಿಸುತ್ತಾರಲ್ಲ, ಆ ದಪ್ಪ ಬಟ್ಟೆ. ನಾವು ಆ ಓಣಿಗೆ ಬರುವ ಮೊದಲೇ ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎತ್ತರದ ಆಳು, ಬಿಳಿ ಧೋತರ, ಕೊರಳಲ್ಲಿ ಲಿಂಗ. ಬಲಗೈ ಹೆಬ್ಬೆರಳು ಮಾತ್ರ ದಬ್ಬಣ ಒತ್ತಿ ಒತ್ತಿ ಒಣ ಖೊಬ್ಬರಿಯ ಹಾಗೆ ಗಟ್ಟಿಯಾಗಿತ್ತು. ಮಾತಾಡುತ್ತಲೇ ಎದುರಿಗೆ ಸಿಕ್ಕ ಬಟ್ಟೆಯ ಅಂಚನ್ನು ಆ ಹೆಬ್ಬೆರಳಿನಿಂದ ಸವರಿ ನೋಡುವುದು ಅವರ ಚಟ. ನಮ್ಮ ಮನೆಯ ಹೊಸ ಪಡದೆಯನ್ನು ಹಾಗೇ ಸವರಿ, "ಅಕ್ಕಾರ, ಈ ಹೊಲಗಿ ಎರಡು ತಿಂಗಳದ್ದು ನೋಡ್ರಿ" ಎಂದಿದ್ದರು. ನನಗೆ ಸಿಟ್ಟು ಬಂದಿತ್ತು. ಎರಡು ತಿಂಗಳಿಗೆ ಸರಿಯಾಗಿ ಅದು ಬಿಚ್ಚಿಕೊಂಡಿತು.

ನಾನು ಶಿರಗುಪ್ಪಿಯಲ್ಲಿ ಕನ್ನಡ ಸಾಲಿಯ ಟೀಚರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಎನ್ನುತ್ತಾರೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಕಾಕಾ ಕೂಡ ನನ್ನನ್ನು ಹಾಗೇ ಕರೆಯುತ್ತಿದ್ದರು, ಬಹುವಚನ ಬಿಟ್ಟು ಮಾತಾಡಿಸಿದವರಲ್ಲ.

ಅಂಗಡಿಯಲ್ಲಿ ಅವರದೊಂದು ರೀತಿ ಇತ್ತು. ಹೊಸ ತಾಡಪತ್ರಿ ಕೊಟ್ಟ ಮೇಲೆ ಮೊದಲ ಮಳೆ ಬೀಳುವವರೆಗೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಳೆ ನಿಂತ ಕೂಡಲೇ ಛತ್ರಿ ಹಿಡಿದುಕೊಂಡು ಬಯಲಿಗೆ ಹೋಗಿ, ಆ ಲಾರಿಯನ್ನು ಹುಡುಕಿ, ಮೂಲೆ ಎತ್ತಿ ಒಳಗೆ ಕೈ ಹಾಕಿ ಚೀಲ ಮುಟ್ಟಿ ನೋಡುತ್ತಿದ್ದರು. ತೇವ ತಗುಲಿದರೆ ಅಲ್ಲೇ ಬಿಚ್ಚಿಸಿಕೊಂಡು ಬಂದು ಮತ್ತೆ ಹೊಲಿಯುವುದು. "ನೋಡಾಕ ಎಲ್ಲಾ ಛಲೋನ ಇರ್ತಾವರಿ. ಒಂದು ಮಳಿ ಆಗಬೇಕು" ಎನ್ನುತ್ತಿದ್ದರು. ಹೊಸ ಬಾಡಿಗೆದಾರರ ಬಗ್ಗೆ ಕೇಳಿದರೂ ಇದೇ ಮಾತು, ಮದುವೆಯಾದ ಜೋಡಿಯ ಬಗ್ಗೆ ಕೇಳಿದರೂ ಇದೇ ಮಾತು.

ನಾಯಿಗಳೂ ಆ ಲಾರಿ ಬಯಲಿನವೇ. ಮುದುಕಿಯ ಹೆಸರು ದೊಡ್ಡವ್ವ. ಕಪ್ಪನೆಯದು ಕರಿಯಾ. ಬಂದವರ ಚಪ್ಪಲಿ, ಚೀಲ, ಕಿಸೆ ಎಲ್ಲ ಮೂಸಿ ನೋಡದೆ ಒಳಗೆ ಬಿಡದ ಮೂರನೆಯದು ಇನ್‌ಸ್ಪೆಕ್ಟರ್. ದೊಡ್ಡವ್ವ ಬಂದಾಗ ಮೈಗೆಲ್ಲ ಹುರುಕು ಹತ್ತಿ, ಕೂದಲು ಉದುರಿ, ಸುಲಿದ ಗೆಣಸಿನ ಹಾಗಿದ್ದಳು. ಕಡಲ ಕಡೆಯ ಲಾರಿ ಡ್ರೈವರನೊಬ್ಬ ಸಮುದ್ರದ ನೀರಿನಲ್ಲಿ ತೊಳೆದರೆ ಹೋಗುತ್ತದೆ ಎಂದನಂತೆ. ಉಪ್ಪಿನ ನೀರೇ ಆಗಬೇಕಾದರೆ ಅಷ್ಟು ದೂರ ಏಕೆ ಎಂದು ಕಾಕಾ ಒಂದು ಚೀಲ ಉಪ್ಪು ತಂದು ಡ್ರಮ್ಮಿಗೆ ಸುರಿದು, ಅದರಲ್ಲಿ ಅವಳನ್ನು ಅದ್ದಿ ತೆಗೆದರು. ಅವಳು ಮೈ ನೆಕ್ಕಿಕೊಂಡು ಇಡೀ ದಿನ ವಾಂತಿ ಮಾಡಿದಳು. ಕಾಕಾ ಆ ದಿನ ತಾವೂ ಉಣ್ಣಲಿಲ್ಲ. ಆಮೇಲೆ ದನದ ಡಾಕ್ಟರರ ಔಷಧವೂ ಆಯಿತು, ಸಮುದ್ರವೂ ಆಯಿತು, ಹುರುಕು ಹೋಯಿತು. "ದವಾ ಡಾಕ್ಟರದು, ಗುಣಾ ಸಮುದ್ರದ್ದು" ಎಂದು ತೀರ್ಪು ಕೊಟ್ಟರು.

ಆ ಮೊದಲ ಸಲ ನಾಯಿಗಳನ್ನು ಕರೆದೊಯ್ಯಲು ಯಾವ ಗಾಡಿಯವರೂ ಒಪ್ಪಿರಲಿಲ್ಲ. ನಮ್ಮವರದು ಬಾಡಿಗೆ ವ್ಯಾನು, ಮನುಷ್ಯ ಬಲು ಮೆತ್ತಗೆ. ಕಾಕಾ ಬಂದು ಕೈ ಹಿಡಿದುಕೊಂಡರೆ ಇಲ್ಲವೆನ್ನಲು ಇವರಿಗೆ ಬರುತ್ತದೆಯೇ? ನನಗೆ ಸಂಜೆ ಗೊತ್ತಾಯಿತು.

"ಸೀಟಿನ ಮ್ಯಾಲೆ ನಾಯಿ ಕುಂದ್ರಸ್ತೀರೇನ್ರಿ? ಮುಂದಿನ ವಾರ ಅದ ಸೀಟಿನ್ಯಾಗ ಮದುಮಗಳು ಕುಂದ್ರಬೇಕು!" ಎಂದು ನಾನು ಕೂಗಾಡಿದೆ.

"ನಾಯಿ ತಗೊಂಡು ಲಗ್ನಕ್ಕ ಹೊಂಟೇವೇನು, ಸುಮ್ಮನಿರ" ಎಂದು ಇವರು ನಕ್ಕರು.

ಸೀಟು ಕಾಯಲಿಕ್ಕೆಂದೇ ನಾನೂ ಹೊರಟೆ. ಬೆಳಿಗ್ಗೆ ನೋಡಿದರೆ ಕಾಕಾ ಎಲ್ಲ ಸೀಟಿಗೂ ಅಳತೆಗೆ ಸರಿಯಾಗಿ ತಾಡಪತ್ರಿಯ ಗವಸಣಿಗೆ ಹೊಲಿದು ಹೊದಿಸಿಬಿಟ್ಟಿದ್ದರು. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಇನ್‌ಸ್ಪೆಕ್ಟರ್ ಆ ಗವಸಣಿಗೆಯನ್ನೆಲ್ಲ ಬಿಟ್ಟು ನನ್ನ ಕೈಚೀಲದೊಳಗೇ ವಾಂತಿ ಮಾಡಿತು. ಕಾಕಾ ಹಳ್ಳದ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ಚೀಲ ತೊಳೆದು, ಹಿಂಡಿ, ಸಡಿಲಾಗಿದ್ದ ಹಿಡಿಕೆಗೂ ನಾಲ್ಕು ಹೊಲಿಗೆ ಹಾಕಿ ಕೊಟ್ಟರು. ಬಯ್ಯಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ.

ಡೇರೆಯೂ ಅವರೇ ಹೊಲಿದದ್ದು. ನಮಗೆ ಬಾಗಿಲು ಒಂದು ಕಡೆ, ನಾಯಿಗಳು ನುಗ್ಗಲು ಕೆಳಗೆ ಬೇರೆ ಸಣ್ಣ ಕಿಂಡಿ. ದಂಡೆಯ ಮೇಲೆ ಅದನ್ನು ನಿಲ್ಲಿಸಿ, ಆರು ಗೂಟ ಬಡಿದು, ಹಗ್ಗ ಬಿಗಿದು, ಕೈ ಝಾಡಿಸಿಕೊಂಡರು. "ಎರಿ ಹೊಲದಾಗ ಗೂಟಾ ಹೊಡದಾವ್ರು ನಾವು. ಇನ್ನ ಆನಿ ಬಂದು ಜಗ್ಗಿದ್ರೂ ಅಲಗಂಗಿಲ್ಲ." ನಮ್ಮ ಕಪ್ಪು ನೆಲದಲ್ಲಿ ಹೊಡೆದ ಗೂಟವನ್ನು ಕೀಳಲು ಇಬ್ಬರು ಬೇಕು, ಅದು ಖರೆ. ಆದರೆ ಸಂಜೆ ಸಮುದ್ರದ ಗಾಳಿ ಒಂದೇ ಸಲ ಬೀಸಿತು ನೋಡಿ, ಆರೂ ಗೂಟ ಬೆಣ್ಣೆಯಿಂದ ಕಿತ್ತ ಹಾಗೆ ಎದ್ದುಬಂದು, ಡೇರೆ ಹಾರಿಕೊಂಡು ಹೋಗಿ ದೋಣಿಯೊಂದರ ಮೇಲೆ ಕವುಚಿ ಬಿತ್ತು. ಹಿಂದೆ ಮೂರು ನಾಯಿ, ಅವುಗಳ ಹಿಂದೆ ಧೋತರ ಎತ್ತಿ ಹಿಡಿದ ಕಾಕಾ.

ದೋಣಿಯ ನೆರಳಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಮೀನುಗಾರ ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಲ್ಲಿಯೋರು? ಹುಬ್ಳಿಯಾ? ಹೊಯ್ಗೆಯಾಗೆ ಗೂಟ ನಿಲ್ತದ್ಯಾ?"

ಅವಳೇ ಎದ್ದು ಬಂದು ತೋರಿಸಿದಳು. ಚೀಲಕ್ಕೆ ಮರಳು ತುಂಬಬೇಕು, ಅದರ ನಡುವಿಗೆ ಹಗ್ಗ ಕಟ್ಟಬೇಕು, ಗುಂಡಿ ತೋಡಿ ಅಡ್ಡ ಮಲಗಿಸಿ ಮುಚ್ಚಬೇಕು. ಜಗ್ಗಿದಷ್ಟೂ ಕೂರುತ್ತದೆ. ನಲವತ್ತು ವರ್ಷ ಹಗ್ಗ ಬಿಗಿದೇ ಬದುಕಿದ ಮನುಷ್ಯ, ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಕಾಕಾ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಅಕ್ಕಾರ, ಇನ್ನೊಮ್ಮೆ ತೋರಸ್ರಿ" ಎಂದರು. ಮೂರು ಸಲ ತೋರಿಸಿಕೊಂಡರು. ಅಲ್ಲಿಯವರೆಗೆ ಅಕ್ಕಾರು ನಾನೊಬ್ಬಳೇ ಇದ್ದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದರೆ ಸುಳ್ಳಲ್ಲ.

ಅವಳ ಮನೆ ದಂಡೆಯ ಮೇಲೇ ಇತ್ತು. ಮುಂದಿನ ಎಲ್ಲ ವರ್ಷವೂ ಅವಳ ಅಂಗಳದ ಅಂಚಿಗೇ ನಮ್ಮ ಡೇರೆ. ನಾಲ್ಕು ದಿನ ಇರುವುದು, ಬರುವುದು. ಬೆಳಿಗ್ಗೆ ಕಾಕಾ ಸಮುದ್ರದಲ್ಲಿ ಮಿಂದು, ಡೇರೆಯೊಳಗೆ ಲಿಂಗಪೂಜೆಗೆ ಕೂರುತ್ತಿದ್ದರು. ಪೂಜೆ ಮುಗಿಯುವವರೆಗೆ ಮೂರೂ ನಾಯಿಗಳು ಬಾಗಿಲ ಹೊರಗೆ ಸಾಲಾಗಿ ಕೂರುವವು. ಆಮೇಲೆ ರೊಟ್ಟಿ ಹಾಲು. ನಮ್ಮ ಕಾಕಾನ ನಾಯಿಗಳು ಅಲ್ಲಿಯವರೆಗೆ ಮೀನು ಕಂಡಿರಲಿಲ್ಲ. ಆ ಹೆಂಗಸು ಒಂದು ಬಂಗಡೆ ಎಸೆದಳು, ಕರಿಯಾ ಕಣ್ಣು ಮುಚ್ಚಿಕೊಂಡು ತಿಂದಿತು. ಕಾಕಾ ಆಚೆ ಮುಖ ತಿರುಗಿಸಿ ನಿಂತರು.

"ಬೇಡ ಅಂದ್ರೆ ಹಾಕೂದಿಲ್ಲಪ್ಪಾ" ಎಂದಳು ಅವಳು.

"ಯಾಕ ಬ್ಯಾಡ್ರಿ? ಅವುಗಳ ಬಾಯಿ, ಅವುಗಳ ಊಟ. ನಾ ಯಾರು ನಡುವ?" ಎಂದರು. ಆದರೆ ತಿಂದಾದ ಮೇಲೆ ಒಂದೊಂದನ್ನೂ ನೀರಿಗೆ ಕರೆದೊಯ್ದು ಬಾಯಿ ತೊಳೆಸಿಯೇ ಡೇರೆಯೊಳಗೆ ಬಿಟ್ಟರು. ಇನ್‌ಸ್ಪೆಕ್ಟರ್ ಬಾಯಿ ತೊಳೆಸಿಕೊಳ್ಳುವಾಗ ಮಾಡುವ ಮುಖ ನೋಡಬೇಕು, ಎಣ್ಣೆಸ್ನಾನಕ್ಕೆ ಕೂರಿಸಿದ ಒಂದನೇ ಇಯತ್ತೆಯ ಹುಡುಗರೇ ಸೈ.

ಅವರು ಸಮುದ್ರ ನೋಡುತ್ತಿದ್ದ ರೀತಿ ನನಗೆ ಬಹಳ ಇಷ್ಟ. ಭಕ್ತಿಯಿಲ್ಲ, ಬೆರಗಿಲ್ಲ, ಗಿರಾಕಿಯನ್ನು ನೋಡಿದ ಹಾಗೆ ಉದ್ದಗಲ ಅಳೆಯುವುದು. "ಅಕ್ಕಾರ, ಇದಕ್ಕ ಹೊಚ್ಚಬೇಕಂದ್ರ ಎಷ್ಟು ಗಜ ಬಟ್ಟಿ ಬೇಕಾದೀತು?" ಎಂದು ಒಮ್ಮೆ ಕೇಳಿದರು. "ಹೊಚ್ಚೂದ್ಯಾಕ್ರಿ ಕಾಕಾ?" ಎಂದೆ. "ಮಳ್ಯಾಗ ನೆನೀತೈತಲ್ಲರೀ" ಎಂದು ಗಂಭೀರವಾಗಿ ಹೇಳಿ, ನಾನು ನಗುವವರೆಗೆ ಕಾದು, ತಾವೂ ನಕ್ಕರು. ಮೂರನೇ ವರ್ಷ ಎಂದು ಕಾಣುತ್ತದೆ, ದೊಡ್ಡವ್ವ ಬಂದು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಕಾಲು ಜೋಮು ಹಿಡಿದರೂ ನಾನು ಎಳೆದುಕೊಳ್ಳಲಿಲ್ಲ. ಕಾಕಾ ನೋಡಿಯೂ ನೋಡದವರಂತೆ ಎದ್ದು ಹೋದರು. ಅದನ್ನು ಅವರು ಯಾರಿಗೂ ಹೇಳಲಿಲ್ಲ, ಇವರಿಗೂ ಸಹ. ಅದು ಅವರ ದೊಡ್ಡತನ.

ಕಳೆದ ದೀಪಾವಳಿಯ ನಂತರ ಹೋದದ್ದೇ ಕೊನೆಯದು. ಕಾಕಾ ತುಂಬ ಇಳಿದುಹೋಗಿದ್ದರು. ಅಂಗಿ ಹ್ಯಾಂಗರಿಗೆ ಹಾಕಿದಂತೆ ಕಾಣುತ್ತಿತ್ತು. ಕೇಳಿದರೆ ಅಸಿಡಿಟಿ ಎನ್ನುತ್ತಿದ್ದರು. ನಾಲ್ಕನೇ ದಿನ ಬೆಳಿಗ್ಗೆ ಡೇರೆ ಬಿಚ್ಚಿ ಎಲ್ಲ ಕಟ್ಟಿಯಾಯಿತು. ಕಾಕಾ ನಾಯಿಗಳನ್ನು ಹತ್ತಿಸದೆ ತಾವು ಮಾತ್ರ ಮುಂದಿನ ಸೀಟಿಗೆ ಹತ್ತಿ, "ನಡೀಪಾ, ಚಹಾದ ಅಂಗಡೀಮಟ ಹೋಗಿ ನಿಲ್ಲಸು" ಎಂದು ಇವರಿಗೆ ಹೇಳಿದರು. ಅಂಗಡಿ ಎರಡು ಮೈಲು ದೂರದ ಹೆದ್ದಾರಿಯಲ್ಲಿ. ನಾಯಿಗಳು ಆ ಹೆಂಗಸಿನ ಅಂಗಳದಲ್ಲೇ ಉಳಿದವು. ಚಹಾ ಕುಡಿಯಲು ಹೊರಟಿದ್ದಾರೆಂದು ನಾನು ತಿಳಿದೆ.

ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ಕಾಕಾ ಏಳಲೊಲ್ಲರು. ನಾನೇ ಕೇಳಿದೆ. ಆಗ ಹೇಳಿದರು.

"ಡಾಕ್ಟರ್ ಹೇಳ್ಯಾರ್ರಿ ಅಕ್ಕಾರ. ಮುಂದಿನ ಮಳಿಗಾಲಕ್ಕ ಅಂಗಡಿ ತಗಿಯೂದು ಆಗಂಗಿಲ್ಲ ನನ್ನ ಕಡಿಂದ."

ಇವರು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟರು.

"ಆ ಅಕ್ಕಾರಿಗೆ ಕೇಳೇನಿ, ಮೂರನ್ನೂ ಇಟಗೋತೇನಿ ಅಂದಾರ. ಅವರು ಛಲೋ ಮಂದಿ. ಆದ್ರ ನಾಯಿಗೆ ಒಗ್ಗತೈತೋ ಇಲ್ಲೋ ನೋಡಬೇಕಲ್ಲ? ಒಂದು ಮೂರು ತಾಸು ನಾ ಕಾಣದಂಗ ಇದ್ದು ನೋಡೂಣು. ಹುಡಿಕ್ಯಾಡಿ ಒದರ್‍ಯಾಡಿದ್ರ ವಾಪಸ್ ಕರಕೊಂಡು ಹೋಗೂದು. ಬ್ಯಾರೆ ಏನರ ದಾರಿ ನೋಡೂದು."

ನನಗೆ ಎಲ್ಲಕ್ಕಿಂತ ಮೊದಲು ಬಂದದ್ದು ಸಿಟ್ಟು. "ಪಕ್ಕದ ಮನ್ಯಾಗ ನಾವಿರಲಿಲ್ಲೇನ್ರಿ? ನಮ್ಮನ್ನ ಯಾಕ ಕೇಳಲಿಲ್ಲ?"

"ಕೇಳಿದ್ರ ನೀವು ಒಲ್ಲೆ ಅಂತಿರಲಿಲ್ಲ" ಎಂದರು ಕಾಕಾ. "ಅದಕ್ಕ ಕೇಳಲಿಲ್ಲ."

ಮೂರು ತಾಸಾದ ಮೇಲೆ ತಿರುಗಿ ಹೋದೆವು. ವ್ಯಾನನ್ನು ಗಾಳಿಮರಗಳ ಹಿಂದೆಯೇ ನಿಲ್ಲಿಸಿ ಕಾಕಾ ನಡೆದುಕೊಂಡು ಹೋದರು, ಹಿಂದೆ ನಾನು. ಮಳೆ ನಿಂತ ಮೇಲೆ ಲಾರಿಯ ಹತ್ತಿರ ಹೋಗುತ್ತಿದ್ದರಲ್ಲ, ಅದೇ ನಡಿಗೆ. ಅಂಗಳದಲ್ಲಿ ಇಣುಕಿದರೆ ಮೂರೂ ನಾಯಿಗಳು ದೋಣಿಯ ನೆರಳಲ್ಲಿ ಕಾಲು ಚಾಚಿ ಗಾಢ ನಿದ್ದೆಯಲ್ಲಿದ್ದವು. ಇನ್‌ಸ್ಪೆಕ್ಟರ್ ಒಂದು ಕಣ್ಣು ತೆರೆದು ಕಾಕಾನನ್ನು ನೋಡಿ, ಬಾಲವನ್ನು ಎರಡು ಸಲ ಮರಳಿಗೆ ಬಡಿದು, ಮತ್ತೆ ಕಣ್ಣು ಮುಚ್ಚಿತು. ದೊಡ್ಡವ್ವ ತಲೆಯನ್ನೂ ಎತ್ತಲಿಲ್ಲ.

"ನಿಮಕಹರಾಮಿಗಳು!" ಎಂದೆ ನಾನು. "ಹಾಲು ಹಾಕಿ ಸಾಕಿದ ಮನಷ್ಯಾನ ಒಂದರ ಹುಡುಕೇತೇನು ನೋಡ್ರಿ!"

"ಬೈಬ್ಯಾಡ್ರಿ ಅಕ್ಕಾರ. ಇದ ಆಗಲಿ ಅಂತ ಅಲ್ಲೇನು ಬಂದದ್ದು? ಛಲೋ ಆತು. ಭಾಳ ಛಲೋ ಆತು" ಎಂದರು ಕಾಕಾ. ಮುಖದ ತುಂಬ ನಗು. ಹಾಗೇ ನಗುತ್ತ ತಿರುಗಿ ಬಂದು, ವ್ಯಾನಿನ ಹಿಂದೆ ಹೋಗಿ, ಕಟ್ಟಿಟ್ಟ ಡೇರೆಯ ಗಂಟಿಗೆ ಹಣೆ ಹಚ್ಚಿ ನಿಂತರು. ಬೆನ್ನು ಅಲುಗುತ್ತಿತ್ತು. ನಮ್ಮವರು ಹೋಗಿ ಹೆಗಲ ಮೇಲೆ ಕೈಯಿಟ್ಟರು. ನಾನು ಸಮುದ್ರದ ಕಡೆ ನೋಡುತ್ತ ನಿಂತೆ. ಆಮೇಲೆ ಹೊರಟುಬಿಟ್ಟೆವು.

ಕಾಕಾನದು ಬರೀ ಗುಂಡಿ ಒತ್ತುವ ಸಾದಾ ಫೋನು. ಮರುದಿನದಿಂದ ಪ್ರತಿದಿನ ಬೆಳಿಗ್ಗೆ ಪೂಜೆಯಾದ ಕೂಡಲೇ ಅವಳಿಗೆ ಫೋನು ಮಾಡುತ್ತಿದ್ದರು. ಗೋಡೆಯಾಚೆ ನಮ್ಮ ಅಡುಗೆಮನೆಗೂ ಎಲ್ಲ ಕೇಳಿಸುವುದು. "ಅಕ್ಕಾರ, ಉಂಡ್ವೇನ್ರಿ? ಮೂರೂ? ದೊಡ್ಡವ್ವ? ಆತು, ಆತು. ಇಲ್ಲ ಇಲ್ಲ, ಫೋನ ಅವುಗಳ ಕಿವಿಗೆ ಹಿಡೀಬ್ಯಾಡ್ರಿ. ನನ್ನ ದನಿ ಕೇಳೂದು ಬ್ಯಾಡ." ಇಷ್ಟೇ ಮಾತು. ಶಿವರಾತ್ರಿಗೆ ಎಂಟು ದಿನವಿರುವಾಗ ಕಾಕಾ ಹೋದರು. ಅಂಕೋಲೆಯಿಂದ ಬಂದ ಮರುದಿನದಿಂದ ಕೊನೆಯವರೆಗೂ ಅವರ ಊಟ ನಮ್ಮ ಮನೆಯಿಂದಲೇ ಹೋಗುತ್ತಿತ್ತು.

ಬೇಸಿಗೆ ರಜೆ ಬಿದ್ದ ಮೇಲೆ ನಾನೂ ಇವರೂ ಅಂಕೋಲೆಗೆ ಹೋದೆವು. ಸುದ್ದಿಯನ್ನು ಫೋನಿನಲ್ಲಿ ಹೇಳಿದ್ದೆವು, ಆದರೆ ಮುಖ ನೋಡಿ ಬರಬೇಕಿತ್ತು. ವ್ಯಾನಿನ ಸದ್ದಿಗೆ ಮೂರೂ ನಾಯಿಗಳು ಎಲ್ಲಿದ್ದವೋ ಏನೋ, ಮರಳು ಹಾರಿಸುತ್ತ ಓಡಿಬಂದವು. ನನ್ನ ಹತ್ತಿರವಲ್ಲ, ಇವರ ಹತ್ತಿರವೂ ಅಲ್ಲ. ಮುಂದಿನ ಎಡಗಡೆಯ ಬಾಗಿಲ ಮುಂದೆ ನಿಂತು ಮೇಲೆ ನೋಡತೊಡಗಿದವು. ಅದು ಕಾಕಾ ಕೂರುವ ಕಡೆ. ಆ ಸಲ ನಾನು ಹಿಂದೆ ಕೂತಿದ್ದೆ, ಆ ಸೀಟಿನಲ್ಲಿ ಕೂರಲು ಮನಸ್ಸಾಗಿರಲಿಲ್ಲ. ಇವರು ಸುತ್ತಿ ಬಂದು ಬಾಗಿಲು ತೆರೆದು ತೋರಿಸಿದರು. ಇನ್‌ಸ್ಪೆಕ್ಟರ್ ಹತ್ತಿ ಸೀಟನ್ನು ಉದ್ದಕ್ಕೂ ಮೂಸಿತು, ಇಳಿಯಿತು. ದೊಡ್ಡವ್ವ ಮಾತ್ರ ಅಲ್ಲೇ ಬಾಗಿಲ ಕೆಳಗೆ ಕೂತಳು.

"ನಮ್ಮನ್ನ ಮರತಾವ, ಅವರನ್ನ ಮರತಿಲ್ಲ" ಎಂದೆ ನಾನು.

ಆ ಹೆಂಗಸು ನನ್ನ ಪಕ್ಕ ನಿಂತಿದ್ದಳು. ದೊಡ್ಡವ್ವನ ಕಡೆ ನೋಡುತ್ತ ಹೇಳಿದಳು.

"ಅಕ್ಕೋರೇ, ಒಂದು ಹೇಳ್ತೆ, ಬೇಜಾರು ಮಾಡೂಕಾಗ. ನೀವು ಹೋದ ಮೇಲೆ ನಾಕು ದಿನ ಇವು ಒಂದು ತುತ್ತು ಮುಟ್ಲಿಲ್ಲ. ಮೀನು ಹಾಕ್ದೆ, ಅನ್ನ ಹಾಕ್ದೆ, ಹಾಲು ತಂದು ಹಾಕ್ದೆ. ಡೇರೆ ಇದ್ದ ಜಾಗದಾಗೇ ಕೂತಿದ್ವು. ಈ ಮುದ್ಕಿ ಅಂತೂ ಎಂಟು ದಿನ ರಸ್ತೆ ಬದಿಗೇ ಮುಖ."

"ಮತ್ತ ಅವತ್ತು ಮೂರು ತಾಸು ಸುಮ್ಮನ ಮಕ್ಕೊಂಡಿದ್ವಲ್ಲ?" ಎಂದು ಕೇಳಿದೆ.

"ಅವ್ರು ಬತ್ತಾರೆ ಅಂತ ಗೊತ್ತಿತ್ತಲ್ಲ, ಅದ್ಕೇ ಮಲ್ಗಿದ್ವು. ಬರೂದಿಲ್ಲ ಅಂತ ಗೊತ್ತಾದ ಮೇಲೆ ಎಲ್ಲಿ ನಿದ್ದೆ?"

ಕಾಕಾ ಎಲ್ಲ ಸರಿಯಾಗಿ ಲೆಕ್ಕ ಹಾಕಿ, ಇದೊಂದರಲ್ಲಿ ಎಡವಿದ್ದರು. ಅವರು ಬರುವರೆಂಬ ನಂಬಿಕೆಯನ್ನು ನೋಡಿ, ಅವು ತಮ್ಮನ್ನು ಮರೆತವೆಂದು ತಿಳಿದು, ವ್ಯಾನಿನ ಹಿಂದೆ ನಿಂತು ಅತ್ತಿದ್ದರು. ನಾನಾದರೂ ಏನು ಕಡಿಮೆ, ನಿಮಕಹರಾಮಿ ಎಂದು ಬಾಯಿಗೆ ಬಂದಂತೆ ಬೈದಿದ್ದೆ. ಮರಳಿನ ಮೇಲೆ ಕೂತು ದೊಡ್ಡವ್ವನ ತಲೆಯ ಮೇಲೆ ಕೈಯಿಟ್ಟೆ. ಅಳು ತಡೆಯಲಿಲ್ಲ.

"ಅವ್ರು ದಿನಾ ಫೋನು ಮಾಡಿ ಉಂಡ್ವೇನು ಅಂತ ಕೇಳ್ತಿದ್ರು" ಎಂದಳು ಅವಳು. "ನಾನು ಉಂಡ್ವು ಅಂತಿದ್ದೆ. ಮೊದ್ಲ ದಿನದಿಂದ ಹಂಗೇ ಹೇಳ್ದೆ. ಅಷ್ಟು ನಂಬಿ ಬಿಟ್ಟುಹೋದೋರ ಹತ್ರ ಸುಳ್ಳು ಹೇಳಿದ್ದು ತಪ್ಪಾಯ್ತೇನೋ ಅಂತ ಈಗೂ ಒಳಗೆ ಕೊರೀತದೆ. ತಪ್ಪಾಯ್ತಾ ಅಕ್ಕೋರೇ?"

ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.

"ಇಲ್ಲರೀ ಅಕ್ಕಾರ" ಎಂದೆ. ಕಾಕಾ ಅವಳನ್ನು ಕರೆಯುತ್ತಿದ್ದ ಹಾಗೇ ಕರೆದೆ. "ನಾ ದಿನಾ ತಾಟು ತಗೊಂಡು ಹೋಗಿ ಮುಂದ ನಿಂತಿರ್ತಿದ್ದೆ. ನಿಮಗ ಫೋನು ಹತ್ತೂಮಟ ಕಾಕಾ ರೊಟ್ಟಿಗೆ ಕೈ ಹಚ್ಚತಿರಲಿಲ್ಲ. ನೀವು ಉಂಡ್ವು ಅಂದ ಮ್ಯಾಲೆನ ಅವರು ಉಣತಿದ್ರು."